ಗೀಟು ಹಾಕಿದ ಸಾಲು

ಗುರುಲಿಂಗಮ್ಮ ಶಿವಾಧೀನಳಾದ ಇಪ್ಪತ್ತಾರನೆಯ ದಿನ ಯೋಗಿರಾಜ ಮಾಸ್ತರರ ಮೇಲಿನ ಸಾಲಿನ ಎರಡು ಮುಂದಿನ ಹಲ್ಲುಗಳು ಬಿದ್ದವು. ಒಂದು, ಕಡಕ ರೊಟ್ಟಿ ಮುರಿದು ಬಾಯಿಗಿಟ್ಟಾಗ ಬಿತ್ತು. ಅದರ ಜೋಡಿಯದು ಸಂಜೆ ಬಾಯಿ ಮುಕ್ಕಳಿಸುವಾಗ ತಾನಾಗಿಯೇ ಕೈಗೆ ಬಂತು. ಮಾಸ್ತರರು ಎರಡನ್ನೂ ತೊಳೆದು, ಹಳೆಯ ವಿಭೂತಿಯ ಡಬ್ಬಿಯಲ್ಲಿಟ್ಟು, ಕನ್ನಡಿಯ ಮುಂದೆ ನಿಂತರು. ಎಪ್ಪತ್ತೊಂದು ವರ್ಷದ ಮುಖ. ಅದರ ಚಂದದ ಚಿಂತೆ ಅವರಿಗೆ ಯಾವತ್ತೂ ಇರಲಿಲ್ಲ. ಆದರೆ ಅವರು ಊದುವ ಟ್ರಂಪೆಟ್ಟಿನ ಬಾಯಿ ಬಂದು ಕೂಡುವ ಜಾಗ ಆ ಎರಡು ಹಲ್ಲಿನದೇ ಆಗಿತ್ತು.

ಸೊಲ್ಲಾಪುರದ ದಂತವೈದ್ಯೆ ಪೂರ್ವಾ ಇನ್ನೂ ಚಿಕ್ಕ ವಯಸ್ಸಿನವಳು. ಬಾಯೊಳಗೆ ದೀಪ ಹಿಡಿದು ಬಹಳ ಹೊತ್ತು ನೋಡಿದಳು.

"ವಸಡಿ ಮಾಯಬೇಕು. ದೀಪಾವಳಿ ಆದಮ್ಯಾಲೆ ಕಟ್ಟಿದ ಹಲ್ಲು ಕೂಡಸ್ತೀನ್ರಿ ಅಜ್ಜಾ. ರೊಟ್ಟಿ ತಿನ್ರಿ, ಮಾತಾಡ್ರಿ, ನಗ್ರಿ. ಟ್ರಂಪೆಟ್ ಮಾತ್ರ ಮರ್ತಬಿಡ್ರಿ."

"ರೊಟ್ಟಿ ಹಾಲಾಗ ನೆನಸಿ ತಿಂತೀನಿ. ನಗೂದು ಹೆಂಗೂ ಬಿಟ್ಟೀನಿ. ಊದಾಕ ಬರೂ ಹಂಗ ಮಾಡವ್ವಾ."

"ಹಂಗ ಮಾಡಾಕ ನಾ ದೇವ್ರೇನ್ರಿ?"

"ದೇವ್ರಿಗೆ ನಾ ಹೇಳ್ಕೋತೀನಿ. ನೀ ಹಲ್ಲು ಕೂಡಸು."

ಅವರ ಈ ಹಟಕ್ಕೆ ಕಾರಣವಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಗುರುಲಿಂಗಮ್ಮ ಕೊನೆಗೆ ಆಡಿದ ಸ್ಪಷ್ಟವಾದ ಮಾತು ಒಂದೇ: "ನನ್ನ ವರ್ಷದ ದಿನ ಅಕ್ಕಲಕೋಟಿ ಅಕ್ಕನ ಮನ್ಯಾಗ ಭಜನಿ ಇಡಸ್ರಿ. ಬ್ಯಾರೆಯವ್ರ ಕಡಿಂದ ಊದಿಸಬ್ಯಾಡ್ರಿ. ನೀವ ಊದ್ರಿ. ಮೆಲ್ಲಕ ಊದ್ರಿ." ಮಾಸ್ತರರು ಅವಳ ಅಂಗೈ ಮೇಲೆ ತಮ್ಮ ಅಂಗೈ ಇಟ್ಟು ಆಗಲಿ ಎಂದಿದ್ದರು. ನಲವತ್ತು ವರ್ಷದ ಸಂಸಾರದಲ್ಲಿ ಆಕೆ ಬಾಯಿಬಿಟ್ಟು ಕೇಳಿದ್ದೇ ಕಡಿಮೆ. ಕೇಳಿದ್ದು ಇದೊಂದು. ಇದನ್ನೂ ನಡೆಸಿಕೊಡದಿದ್ದರೆ ದಿನಾ ಬೆಳಿಗ್ಗೆ ಲಿಂಗಪೂಜೆಗೆ ಯಾವ ಮುಖ ಹೊತ್ತು ಕೂಡುವುದು ಎಂದು ಅವರು ತಮ್ಮನ್ನೇ ಕೇಳಿಕೊಂಡರು.

ಮಾಸ್ತರರು ಹುಟ್ಟಿದ್ದು ಕುರನೂರಿನ ಒಕ್ಕಲು ಮನೆತನದಲ್ಲಿ. ಹದಿನೆಂಟರ ವಯಸ್ಸಿನಲ್ಲಿ ಸೊಲ್ಲಾಪುರದ ಒಂದು ಮದುವೆಯಲ್ಲಿ ಬ್ಯಾಂಡು ಕೇಳಿ, ಆ ವಾದ್ಯ ಕಲಿಯಲೇಬೇಕೆಂದು ರೈಲು ಹತ್ತಿ ಮುಂಬಯಿಗೆ ಹೋದರು. ಅಲ್ಲಿ ಗೋವೆಯ ಪೀಟರ್ ಸಾಹೇಬರು ಸಿಕ್ಕರು. ಸಮುದ್ರದ ದಂಡೆಯ ಹೋಟೆಲಿನಲ್ಲಿ ಜಾಝ್ ನುಡಿಸುತ್ತಿದ್ದ ಮುದುಕರು. ಮೊದಲ ವರ್ಷವೆಲ್ಲ ಬರಿಯ ಉಸಿರು, ಎರಡನೆಯ ವರ್ಷ ಸ್ವರ, ಮೂರನೆಯ ವರ್ಷ ಅವರ ಬೆನ್ನ ಹಿಂದಿನ ಕುರ್ಚಿ. "ಕಾಗದದ ಮೇಲಿರುವುದನ್ನು ಯಾರು ಬೇಕಾದರೂ ನುಡಿಸಿಯಾರು" ಎನ್ನುತ್ತಿದ್ದರು ಪೀಟರ್ ಸಾಹೇಬರು. "ಹಾಡುವವನು ಉಸಿರು ತೆಗೆದುಕೊಳ್ಳುವ ಜಾಗವಿರುತ್ತದಲ್ಲ, ಅದು ನಿನ್ನದು. ಅಲ್ಲಿ ನಿನ್ನ ಮಾತು ಹೇಳು. ಅವನು ಬಂದ ಕೂಡಲೆ ಎದ್ದು ಜಾಗ ಬಿಟ್ಟುಕೊಡು." ಹನ್ನೆರಡು ವರ್ಷ ಅಲ್ಲಿ ಕಳೆದ ಮೇಲೆ ಹೋಟೆಲುಗಳಲ್ಲಿ ಕುಣಿತಕ್ಕೆ ರೆಕಾರ್ಡು ಸಾಕೆಂದಾಯಿತು. ಪೀಟರ್ ಸಾಹೇಬರೂ ತೀರಿಕೊಂಡರು. ಯೋಗಿರಾಜರು ಟ್ರಂಪೆಟ್ಟನ್ನು ಕಂಬಳಿಯಲ್ಲಿ ಸುತ್ತಿಕೊಂಡು ಸೊಲ್ಲಾಪುರಕ್ಕೆ ಬಂದು ತಮ್ಮದೇ ಬ್ಯಾಂಡು ಕಟ್ಟಿದರು.

ಬೀದಿಯ ಮೆರವಣಿಗೆ ಹೋಟೆಲಿನ ಕೋಣೆಯಲ್ಲ. ನಡೆಯುತ್ತ ಊದಬೇಕು, ಲಾರಿಗಳ ಗದ್ದಲದಲ್ಲಿ ಊದಬೇಕು, ವರನ ಗೆಳೆಯರು ಕುಣಿದು ದಣಿಯುವತನಕ ಊದಬೇಕು. ಆ ಬ್ಯಾಂಡಿನಲ್ಲಿ ಒಂದು ಪದ್ಧತಿ ಬೆಳೆಯಿತು. ಕಲಿಯುವವನು ಟ್ರಂಪೆಟ್ಟನ್ನು ತುಟಿಗೆ ಬಲವಾಗಿ ಒತ್ತಿ ಊದಿ ಊದಿ, ಒಂದು ದಿನ ಅವನ ತುಟಿಯ ಮೇಲೆ ದುಂಡಗಿನ ಕಲೆ ಅಳಿಯದಂತೆ ನಿಲ್ಲುತ್ತಿತ್ತು. ಅದಕ್ಕೆ ಎಲ್ಲರೂ 'ಮುದ್ರಿ' ಎನ್ನುತ್ತಿದ್ದರು. ಮುದ್ರೆ ಬಿದ್ದ ದಿನ ಅವನಿಗೆ ಗಂಧ ಹಚ್ಚಿ, ಬಾಯಲ್ಲಿ ಪೇಢೆ ಇಟ್ಟು, ಕೆಂಪು ಕೋಟು ತೊಡಿಸುತ್ತಿದ್ದರು. ಮುದ್ರೆ ಇಲ್ಲದವನಿಗೆ ಕೋಟು ಇಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಭಂಡಾರಕವಠೆ ಎಂದು ಎಲ್ಲೆಲ್ಲಿ ಬ್ಯಾಂಡು ಇವೆಯೋ ಅಲ್ಲೆಲ್ಲ ಮಾಸ್ತರರ ಮುದ್ರೆ ಹೊತ್ತ ಶಿಷ್ಯರಿದ್ದರು.

ಅವರಿಗಾಗಿ ಮಾಸ್ತರರು ಒಂದು ಪುಸ್ತಕವನ್ನೂ ಬರೆದರು: ಟ್ರಂಪೆಟ್ ಕಲಿಯುವವರಿಗೆ ಮೂವತ್ತು ಪಾಠ. ಅವರು ಹೇಳಿದರು, ಗುರುಲಿಂಗಮ್ಮ ಬರೆದಳು. ತವರೂರು ಹನ್ನೂರಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿದ ಆಕೆಯ ಅಕ್ಷರ ಮುತ್ತಿನಂತಿತ್ತು. ಕಲಿಸುವ ಕ್ರಮವೂ ಅವರದೇ ಆದದ್ದು. ಶಿಷ್ಯನ ಎರಡೂ ಕೈ ವಾದ್ಯದ ಮೇಲಿರಬೇಕು, ಕಣ್ಣು ಗೋಡೆಯ ಮೇಲಿರಬೇಕು, ಪಾಠವನ್ನು ಬೇರೊಬ್ಬರು ಗಟ್ಟಿಯಾಗಿ ಓದಬೇಕು. ಓದುತ್ತಿದ್ದವಳು ಗುರುಲಿಂಗಮ್ಮನೇ. ಹೊಸ್ತಿಲ ಬಳಿ ಜೋಳ ಹಸನು ಮಾಡುತ್ತ ಒಂದೊಂದೇ ಸಾಲು ಹೇಳುತ್ತಿದ್ದಳು. ಅಂಥ ಮನೆಯಲ್ಲಿ ಈಗ ಓದುವ ದನಿ ಇರಲಿಲ್ಲ, ಊದುವ ಬಾಯಿಯೂ ಇರಲಿಲ್ಲ.

ಹಲ್ಲು ಬಿದ್ದ ಸುದ್ದಿ ಕೇಳಿ ಮೊದಲು ಬಂದವನು ಕಲ್ಲಣ್ಣ. ಮಾಸ್ತರರ ಮೊದಲ ಶಿಷ್ಯ, ಈಗ ಸ್ವಂತ ಬ್ಯಾಂಡಿನ ಮಾಲಕ, ಐವತ್ತು ದಾಟಿದವನು. ಮೀಸೆಯ ಕೆಳಗೆ ಅವನ ಮುದ್ರೆ ಕಪ್ಪಗೆ ಮೂಡಿತ್ತು.

"ಯಾಕ್ ಚಿಂತಿ ಮಾಡ್ತೀರಿ? ವರ್ಷದ ದಿನ ಅವ್ವನ ಭಜನಿಗೆ ನಾ ಊದ್ತೀನ್ರಿ. ಅಕ್ಕಲಕೋಟಿ ತುಂಬ ಕೇಳಬೇಕು, ಹಂಗ ಊದ್ತೀನಿ."

"ನೀ ಬಾ. ಪ್ರಸಾದ ಉಣ್ಣು. ಊದಾಂವ ನಾನು."

"ಬಾಯಾಗ ಹಲ್ಲ ಇಲ್ಲಲ್ರಿ ಮಾಸ್ತರ್ರ!"

"ಹುಟ್ಟಿದಾಗೂ ಇದ್ದಿದ್ದಿಲ್ಲಪಾ. ಬಂದುವಲ್ಲ?"

ಅಕ್ಕಲಕೋಟೆಯಿಂದ ಬಂದಿದ್ದ ಉಮಾಬಾಯಿ ಒಳಗಿನಿಂದಲೇ ಇದನ್ನು ಕೇಳಿದಳು. ಗುರುಲಿಂಗಮ್ಮನ ಅಕ್ಕ ಆಕೆ. ಮಾತು ಖಾರ, ಕೈ ಧಾರಾಳ.

"ಮಾಸ್ತರ್ರ, ನಮ್ಮನಿಗಿ ಮಂದಿ ಬರತಾರ. ಬೋಳು ಬಾಯಿಗೆ ತುತ್ತೂರಿ ಹಚ್ಚಿ ಫುಸ್ ಅನಿಸಿದ್ರ ನಗ್ತಾರ. ನನ್ನ ತಂಗಿ ಹೆಸರಿಲೆ ನಗೂದು ಬ್ಯಾಡ. ಮುಂಚೆ ಹೇಳೇನಿ."

"ನಗೂ ಹಂಗ ಊದಿದ್ರ ಎದ್ದು ಹೊರಗ ಹಾಕ್ರಿ ಅಕ್ಕಾ," ಎಂದರು ಮಾಸ್ತರರು.

"ಹಾಕ್ತೀನಿ. ಹಾಕೂದಿಲ್ಲ ಅನ್ಕೋಬ್ಯಾಡ್ರಿ."

ಕಾರ್ತಿಕ ಮುಗಿಯುವ ಹೊತ್ತಿಗೆ ಹಲ್ಲು ಕೂತಿತು. ಮಾಸ್ತರರು ಟ್ರಂಪೆಟ್ಟು ತೆಗೆದು, ಲಿಂಗಕ್ಕೆ ಕೈಮುಗಿದು, ತುಟಿಗೆ ಒತ್ತಿ ಊದಿದರು. ಸ್ವರ ಬರಲಿಲ್ಲ. ಕಟ್ಟಿದ ಹಲ್ಲು ಜಾರಿ ನಾಲಿಗೆಯ ಮೇಲೆ ಬಂತು. ಮತ್ತೆ ಕೂಡಿಸಿಕೊಂಡು ಇನ್ನೂ ಬಲವಾಗಿ ಒತ್ತಿದರು. ಈ ಸಲ ವಸಡಿನಿಂದ ರಕ್ತ ಬಂತು. ಆ ದಿನ ಅವರಿಗೆ ಒಂದು ಮಾತು ತಿಳಿಯಿತು: ಮಾಸ್ತರಿಕೆ ಬದಿಗಿಟ್ಟು ಒಂದನೆಯ ಪಾಠದಿಂದ ಶಿಷ್ಯನಾಗಿ ಕೂಡದ ಹೊರತು ಇದು ಸಾಧ್ಯವಿಲ್ಲ. ಶಿಷ್ಯನಾದರೆ ಪಾಠ ಓದುವವರು ಬೇಕು.

ಅವರ ಕೊನೆಯ ವಿದ್ಯಾರ್ಥಿನಿ ನಂದಾ, ಅಕ್ಕಲಕೋಟೆ ತಾಲೂಕಿನ ಮರಾಠಿ ಶಾಲೆಯ ಶಿಕ್ಷಕಿ. ಶಾಲೆಯ ಮಕ್ಕಳಿಗೆ ಬ್ಯಾಂಡು ಕಟ್ಟಬೇಕೆಂದು ಎರಡು ವರ್ಷದಿಂದ ರವಿವಾರ ರವಿವಾರ ಬಸ್ಸು ಹಿಡಿದು ಬರುತ್ತಿದ್ದಳು. ಮನೆಯ ಮಾತು ಕನ್ನಡ, ಓದಿದ್ದು ಮರಾಠಿ.

"ನಾ ಓದ್ಲಿ? ಕನ್ನಡ ಬೋರ್ಡ್ ಓದಾಕ ನನಗ ಅರ್ಧಾ ತಾಸ ಬೇಕ್ರಿ ಮಾಸ್ತರ್ರ."

"ಭಾಳ ಚಲೋ. ಲಗೂ ಓದಿದ್ರ ನಾ ಲಗೂ ಊದಬೇಕಾಗ್ತದ. ಇಬ್ಬರೂ ಹಗೂರಕ ಹೋಗೂಣು."

ಅಚ್ಚಾದ ಪ್ರತಿಗಳೆಲ್ಲ ಶಿಷ್ಯರ ಪಾಲಾಗಿದ್ದವು. ಮಾಸ್ತರರು ಗುರುಲಿಂಗಮ್ಮನ ಟ್ರಂಕು ತೆಗೆದರು. ಇಳಕಲ್ಲ ಸೀರೆಯ ಮಡಿಕೆಯೊಳಗೆ ಆಕೆ ಬರೆದ ಮೂಲ ವಹಿ ಇತ್ತು. ಹೊದಿಕೆಗೆ ಅರಿಸಿನದ ಬೆರಳಿನ ಗುರುತು. ಅದನ್ನು ಕಣ್ಣಿಗೊತ್ತಿಕೊಂಡು ನಂದಾಳ ಕೈಗೆ ಕೊಟ್ಟು, ತಾವು ಟ್ರಂಪೆಟ್ಟು ಹಿಡಿದು ಗೋಡೆಯ ಕಡೆ ಮುಖಮಾಡಿ ಕೂತರು.

ಒಂದನೆಯ ಪಾಠ ಉಸಿರು. ಎರಡನೆಯದು ತುಟಿಯ ಕಂಪನ. ನಂದಾ ಒತ್ತಕ್ಷರ ಬಂದಲ್ಲಿ ನಿಂತು, ಬೆರಳಿಟ್ಟು, ತಿದ್ದಿಕೊಂಡು ಓದುತ್ತಿದ್ದಳು. ಮಾಸ್ತರರು ಶಾಲೆಯ ಹುಡುಗನಂತೆ ಅಷ್ಟೇ ಮಾಡಿ ನಿಲ್ಲುತ್ತಿದ್ದರು. ಪುಷ್ಯ ಕಳೆಯಿತು. ಮೂರನೆಯ ಪಾಠ ವಾದ್ಯ ಹಿಡಿಯುವುದು. ಆ ರವಿವಾರ ನಂದಾ ಸಾಲಿನ ಮೇಲೆ ಬೆರಳಿಟ್ಟು ಓದಿದಳು:

"ಒ-ತ್ತ-ಬಾರದು. ವಾದ್ಯ ತುಟಿಯ ಮೇಲೆ ಇದೆಯೋ ಇಲ್ಲವೋ ಎಂಬಷ್ಟು ಹಗುರ ಇರಬೇಕು. ತುಟಿಯ ಮೇಲೆ ಕಲೆ ಬಿದ್ದರೆ ಕಲಿಕೆ ದಾರಿ ತಪ್ಪಿದೆ ಎಂದು ತಿಳಿಯಬೇಕು."

ಮಾಸ್ತರರು ಗೋಡೆಯಿಂದ ಮುಖ ತಿರುಗಿಸಿದರು. "ಏನಂದಿ? ಅದು ಹಂಗಿಲ್ಲ. ಗಟ್ಟಿಯಾಗಿ ಒತ್ತಿ ಹಿಡಿಯಬೇಕು ಅಂತ ಐತಿ."

"ಅದು ಕೆಳಗಿನ ಸಾಲಿನ್ಯಾಗ ಐತ್ರಿ. ಇದು ಮ್ಯಾಲಿಂದು. ಅಯ್ಯ, ಇದಕ ಗೀಟ ಹಾಕ್ಯಾರ ಅನಸ್ತದ. ನನಗ ಅಕ್ಷರ ಹುಡುಕೂದರಾಗ ಗೀಟ ಕಾಣಲಿಲ್ರಿ. ಚೂಕಲೆ, ತಪ್ಪಿ ಓದಿದೆ."

"ತಾ ಇಲ್ಲಿ."

ಚಷ್ಮಾ ಹಾಕಿಕೊಂಡು ನೋಡಿದರು. ಮುತ್ತಿನ ಅಕ್ಷರದ ಮೇಲೆ ಒಂದೇ ಒಂದು ತೆಳ್ಳಗಿನ ಗೀಟು. ಓದಬಾರದೆಂದು ಕೆರೆದ ಗೀಟಲ್ಲ. ಯಾರಾದರೂ ಎಂದಾದರೂ ಓದಲಿ ಎಂದು ಉಳಿಸಿದ ಗೀಟು. ಆ ಗೀಟು ಎಳೆಸಿದ ಮಧ್ಯಾಹ್ನ ಅವರ ಕಣ್ಣಿಗೆ ಕಟ್ಟಿತು. ಹಿಂದಿನ ದಿನದ ಮೆರವಣಿಗೆಯಲ್ಲಿ ಎದುರು ಬೀದಿಯ ಧ್ವನಿವರ್ಧಕದ ಮುಂದೆ ಅವರ ಬ್ಯಾಂಡು ಕೇಳಿಸದೆ ಹೋಗಿತ್ತು. ಜನ ನಕ್ಕಿದ್ದರು. ಆ ಸಿಟ್ಟು ಆರದ ಅವರು, ಮೊದಲು ಬರೆಸಿದ್ದ ಈ ಸಾಲನ್ನು ಹೊಡೆದುಹಾಕು ಎಂದಿದ್ದರು. "ಪೀಟರ್ ಸಾಹೇಬ್ರ ಮಾತಲ್ರಿ ಇದು? ಹೊಡೀಲಿ?" ಎಂದಿದ್ದಳು ಗುರುಲಿಂಗಮ್ಮ. "ಹೊಡಿ. ಪೀಟರ್ ಸಾಹೇಬ್ರು ಸೊಲ್ಲಾಪುರದ ವರಾತಿ ಮೆರವಣಿಗಿ ನೋಡಿಲ್ಲ." ಆಕೆ ತೆಳ್ಳಗೆ ಒಂದು ಗೀಟು ಎಳೆದಿದ್ದಳು.

ಮಾಸ್ತರರು ವಹಿ ಮುಚ್ಚಿದರು. ನಂದಾಳಿಗೆ, ಇವತ್ತು ಸಾಕು, ಬಸ್ಸು ಹಿಡಿ ಎಂದರು. ಆಮೇಲೆ ಮೂರು ದಿನ ಟ್ರಂಪೆಟ್ಟು ಮುಟ್ಟಲಿಲ್ಲ. ವಿಭೂತಿಯ ಡಬ್ಬಿಯಲ್ಲಿದ್ದ ಎರಡು ಹಲ್ಲುಗಳನ್ನು ಅಂಗೈಯಲ್ಲಿಟ್ಟು ನೋಡಿದರು. ವಯಸ್ಸು ತಿಂದ ಹಲ್ಲಲ್ಲ ಅವು. ತಾವೇ ನಲವತ್ತು ವರ್ಷ ಒಳಗೆ ದೂಡಿ ದೂಡಿ ಬುಡ ಸಡಿಲಿಸಿದವು. ಗುರುವಿನ ಮಾತಿಗೆ ಗೀಟು ಎಳೆದು, ನನ್ನ ಸಿಟ್ಟನ್ನು ಪಾಠವೆಂದು ಬರೆಸಿ, ಅದಕ್ಕೆ ಗಂಧ ಹಚ್ಚಿ ಪೇಢೆ ತಿನ್ನಿಸಿದೆನಲ್ಲ! ಇನ್ನೂರಕ್ಕೂ ಹೆಚ್ಚು ಶಿಷ್ಯರ ತುಟಿಗಳು ಕಣ್ಣಮುಂದೆ ಬಂದವು. ಪೂಜೆಗೆ ಕೂತಾಗಲೂ ಅವೇ ಬಂದವು. ನಾಲ್ಕನೆಯ ದಿನ ಬೆಳಿಗ್ಗೆ ಅಂಗೈಯ ಲಿಂಗವನ್ನು ನೋಡುತ್ತ, "ಶಿವನೇ, ತಪ್ಪು ತೋರಿಸಿದಿ. ಬಾಯಿ ಇರೂತನಕ ತಿದ್ದತೀನಿ," ಎಂದು ಗಟ್ಟಿಯಾಗಿಯೇ ಹೇಳಿ ಎದ್ದರು.

ನಡುಮನೆಯ ತೊಲೆಗೆ ಒಂದು ಕಬ್ಬಿಣದ ಕೊಂಡಿ ಇತ್ತು. ಮದುವೆಯಾದ ಹೊಸತರಲ್ಲಿ ತೊಟ್ಟಿಲಿಗೆಂದು ಹಾಕಿಸಿದ್ದು. ತೊಟ್ಟಿಲು ಬರಲೇ ಇಲ್ಲ. ಗುರುಲಿಂಗಮ್ಮ ಅದಕ್ಕೆ ಬೆಳ್ಳುಳ್ಳಿಯ ಗೊಂಚಲು ಕಟ್ಟುತ್ತಿದ್ದಳು. ಮಾಸ್ತರರು ಅದಕ್ಕೆ ಆಕೆಯ ಹಳೆಯ ಸೀರೆಯ ದಡಿ ಕಟ್ಟಿ, ದಡಿಯ ತುದಿಗೆ ಟ್ರಂಪೆಟ್ಟು ತೂಗುಬಿಟ್ಟರು. ಬಾಯಿಯ ಎತ್ತರಕ್ಕೆ ಸರಿಮಾಡಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಹೀಗೆ ತೂಗಾಡುವ ವಾದ್ಯವನ್ನು ಒತ್ತಲು ಬರುವುದಿಲ್ಲ. ಒತ್ತಿದರೆ ಅದು ದೂರ ಸರಿಯುತ್ತದೆ. ಮುಂಬಯಿಯಲ್ಲಿ ಪೀಟರ್ ಸಾಹೇಬರು ಅವರಿಗೆ ಮಾಡಿಸಿದ್ದು ಇದನ್ನೇ.

ಮುಂದಿನ ರವಿವಾರ ಬಂದ ನಂದಾ ಬಾಗಿಲಲ್ಲೇ ನಿಂತಳು. "ಇದೇನ್ರಿ, ಟ್ರಂಪೆಟ್ಟಿಗೆ ನಾಮಕರಣ ಮಾಡಾಕತ್ತೀರಿ?"

"ನನಗ. ಹೊಸದಾಗಿ ಹುಟ್ಟೀನಿ. ಓದು, ಆ ಗೀಟ ಹಾಕಿದ್ದ ಸಾಲ ಓದು."

ಆಕೆ ಓದಿದಳು. ಈ ಸಲ ತಡವರಿಸಲಿಲ್ಲ. ಮಾಸ್ತರರು ಉಸಿರು ಬಿಟ್ಟರು. ಟ್ರಂಪೆಟ್ಟು ತೂಗಾಡಿ ಅತ್ತ ಹೋಯಿತು. ಮತ್ತೆ ಬಂತು. ಮತ್ತೆ ಹೋಯಿತು. ಹೀಗೆ ಮಾಘ, ಫಾಲ್ಗುಣ ಕಳೆದವು. ಯುಗಾದಿಯ ಹಿಂದಿನ ದಿನ ಒಂದು ಸ್ವರ ಬಂತು. ತೆಳ್ಳಗೆ, ಕಾದ ಹಾಲಿನ ಉಗಿಯಂತೆ. ಹಲ್ಲು ಕದಲಲಿಲ್ಲ. ನಂದಾ ವಹಿ ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. ಮಾಸ್ತರರು ಮಾತ್ರ, "ಒಂದು ಬಂತು. ಹಾಡಿಗೆ ಐದಾದ್ರೂ ಬೇಕು," ಎಂದರು.

ಸ್ವಂತದ ಪಾಠ ನಡೆಯುತ್ತಿತ್ತು, ಸರಿ. ತಿದ್ದಬೇಕಾದವರು ಹೊರಗೂ ಇದ್ದರು. ಒಂದು ಮಧ್ಯಾಹ್ನ ಮಾಸ್ತರರು ಕಲ್ಲಣ್ಣನ ಬ್ಯಾಂಡಿನ ಅಂಗಡಿಗೆ ನಡೆದರು. ಗೋಡೆಗೆ ಕೆಂಪು ಕೋಟುಗಳು ತೂಗಿದ್ದವು. ಐದಾರು ಜನ ಕೂತು ಚಹಾ ಕುಡಿಯುತ್ತಿದ್ದರು. ಎಲ್ಲರೂ ಎದ್ದು ನಿಂತರು.

"ಕಲ್ಲಣ್ಣಾ, ಮ್ಯಾಲಿನ ಹಲ್ಲು ಅಲ್ಲಾಡತಾವೇನು?"

ಕಲ್ಲಣ್ಣನ ಕೈಯಲ್ಲಿದ್ದ ಚಹಾದ ಬಸಿ ಅರ್ಧಕ್ಕೇ ನಿಂತಿತು. "ಯಾರ್ ಹೇಳಿದ್ರಿ?"

"ನನ್ನ ಬಾಯಿ ಹೇಳ್ತು. ಒತ್ತಿ ಊದಬ್ಯಾಡೋ. ನಾ ಕಲಿಸಿದ್ದು ತಪ್ಪು. ಆ ಮುದ್ರಿ ಏನೈತಿ, ಅದು ಶಾಭಾಸಕಿ ಅಲ್ಲ. ಗಾಯ ಅದು. ನನ್ನ ಗುರು ಬ್ಯಾಡ ಅಂದಿದ್ರು. ನಾ ಸಿಟ್ಟಿಲೆ ಹೊಡದ ಹಾಕಿಸಿದೆ."

ಕಲ್ಲಣ್ಣನ ಮುಖ ಕೆಂಪೇರಿತು.

"ಮೂವತ್ತು ವರ್ಷ ಈ ಮುದ್ರಿ ತೋರಿಸಿ ಹೊಟ್ಟಿ ಹೊರದೀನಿ. ನನ್ನ ಮಂದಿ ಮುಂದ ನಿಂತು ಇದು ಗಾಯ ಅಂತೀರಿ? ನಿಮ್ಮ ಹಲ್ಲ ಹೋದ್ವು, ಅದಕ ನಮ್ದೂ ವಿದ್ಯಾ ಸುಳ್ಳಾತೇನ್ರಿ?"

"ವಿದ್ಯಾ ಸುಳ್ಳಲ್ಲ. ಒಂದು ಸಾಲು ಸುಳ್ಳು. ತಪ್ಪು ನಂದು. ಹಲ್ಲು ಹೋಗೂದು ನಿಮ್ದು. ಅದಕ ಹೇಳಾಕ ಬಂದೀನಿ."

"ಆತು, ಹೇಳಿದ್ರಿ. ಚಹಾ ಕುಡದು ಹೋಗ್ರಿ."

ಮಾಸ್ತರರು ಚಹಾ ಕುಡಿದೇ ಹೋದರು. ಮುಂದಿನ ರವಿವಾರ ನಂದಾಳಿಂದ ಮೂರನೆಯ ಪಾಠವನ್ನು, ಕೊಂಡಿಗೆ ತೂಗುಬಿಟ್ಟು ಊದುವ ಕ್ರಮವನ್ನೂ ಸೇರಿಸಿ, ಹೊಸದಾಗಿ ಬರೆಸಿದರು, ಕನ್ನಡದಲ್ಲೊಂದು, ಮರಾಠಿಯಲ್ಲೊಂದು. ಪ್ರತಿ ಮಾಡಿಸಿ, ವಿಳಾಸ ಗೊತ್ತಿದ್ದ ಒಬ್ಬೊಬ್ಬ ಶಿಷ್ಯನಿಗೂ ಅಂಚೆಯಲ್ಲಿ ಕಳಿಸಿದರು. ಮೇಲೆ ಹೀಗೆ ಬರೆಸಿದ್ದರು: "ನಿಮಗೆ ತಪ್ಪು ಕಲಿಸಿದ್ದೇನೆ. ಇದನ್ನು ಓದಿ, ಹಳೆಯದನ್ನು ಬಿಡಿರಿ." ಕೆಲವರು ಫೋನು ಮಾಡಿ ಅತ್ತರು. ಕೆಲವರು, ಮುದುಕರಿಗೆ ಹೆಂಡತಿ ಹೋದ ಮೇಲೆ ತಲೆ ನೆಟ್ಟಗಿಲ್ಲ ಎಂದರಂತೆ. ಕಲ್ಲಣ್ಣನಿಂದ ಏನೂ ಬರಲಿಲ್ಲ. ಮಾಸ್ತರರು ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಕೊಂಡಿಯ ಕೆಳಗೆ ನಿಲ್ಲುವುದನ್ನು ಬಿಡಲಿಲ್ಲ. ಜ್ಯೇಷ್ಠದಲ್ಲಿ ಮೂರು ಸ್ವರ. ಆಷಾಢ ಮುಗಿಯುವಾಗ ಐದು. ಆರನೆಯದು ಬರಲೊಲ್ಲದು. ಶ್ರಾವಣ ಬಂದೇಬಿಟ್ಟಿತು.

ಅಕ್ಕಲಕೋಟೆಯಲ್ಲಿ ಉಮಾಬಾಯಿಯ ಮನೆಯ ಪಡಸಾಲೆ ತುಂಬಿತ್ತು. ಗುರುಲಿಂಗಮ್ಮನ ಫೋಟೋಕ್ಕೆ ಸೇವಂತಿಗೆಯ ಹಾರ, ಮುಂದೆ ದೀಪ. ಹನ್ನೂರಿನಿಂದ ಭಜನೆಯ ಮಂದಿ ಬಂದಿದ್ದರು. ಹಾರ್ಮೋನಿಯಂ ಹಿಡಿದ ಮುದುಕ, ಯಾವ ಮಣೆಯ ಶ್ರುತಿಗೆ ಸುರು ಮಾಡಲಿ ಎಂದು ಕೇಳಿದ. ಮಾಸ್ತರರು ಕರಿಮಣೆಗಳಲ್ಲಿ ಐದನೆಯದನ್ನು ತೋರಿಸಿದರು. ತಮ್ಮ ಐದು ಸ್ವರ ಅದರ ಆಸುಪಾಸಿನಲ್ಲೇ ಇದ್ದವು. ಕಲ್ಲಣ್ಣ ಬಂದು ಬಾಗಿಲ ಹತ್ತಿರ ಕೂತ. ಕಂಕುಳಲ್ಲಿ ಟ್ರಂಪೆಟ್ಟಿನ ಪೆಟ್ಟಿಗೆ ಇತ್ತು.

"ಅದ್ಯಾಕ ತಂದಿ?" ಎಂದಳು ಉಮಾಬಾಯಿ.

"ಇರಲಿ ಅಂತ ತಂದೀನವ್ವಾ. ಮಾಸ್ತರ್ರಿಗೆ ಆಗದಿದ್ರ."

ಮಾಸ್ತರರಿಗೆ ಅದು ಕೇಳಿಸಿತು. ಅವರು ತಿರುಗಿ ನೋಡಲಿಲ್ಲ.

ಭಜನೆ ಮೊದಲಾಯಿತು. ಒಂದು ನುಡಿ ಹೋಯಿತು, ಎರಡು ಹೋದವು. ಮಾಸ್ತರರು ಟ್ರಂಪೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತೇ ಇದ್ದರು. ಉಮಾಬಾಯಿ ನಂದಾಳ ಮುಖ ನೋಡಿದಳು. ಕಲ್ಲಣ್ಣನ ಬೆರಳು ಪೆಟ್ಟಿಗೆಯ ಕೊಂಡಿಯ ಮೇಲೆ ಹೋಯಿತು. ಮೂರನೆಯ ನುಡಿಯ ಕೊನೆಗೆ ಹಾಡುವವರು ಉಸಿರು ತೆಗೆದುಕೊಳ್ಳಲು ನಿಂತರು. ಆ ತೆರಪಿನಲ್ಲಿ ಎರಡು ಸ್ವರ ಬಂದವು.

ಎಷ್ಟು ಮೆಲ್ಲಗೆ ಎಂದರೆ, ಹಿಂದೆ ಕೂತವರು ಯಾರೋ ಹೆಣ್ಣುಮಗಳು ಮೂಗಿನಲ್ಲೇ ಗುಣುಗಿದಳೆಂದು ತಿಳಿದರು. ಮುಂದಿನ ಸಾಲಿನ ಕೊನೆಗೆ ಮತ್ತೆ ಬಂತು, ಈ ಸಲ ಮೂರು ಸ್ವರ, ಹಾಡಿದ್ದಕ್ಕೆ ಹೌದು ಎಂದಂತೆ. ಹಾಡು ಬಂದ ಕೂಡಲೆ ಅದು ಎದ್ದು ಜಾಗ ಬಿಟ್ಟಿತು. ತಾಳದವನು ತಾಳ ತಗ್ಗಿಸಿದ. ಹಾಡುವವರು ತಾವಾಗಿಯೇ ದನಿ ಇಳಿಸಿದರು, ಆ ತೆರಪು ತುಸು ಉದ್ದವಾಗಲೆಂದು ಕಾದರು. ಹಿಂದೆ ಕೂತವರು ಮೊಣಕಾಲ ಮೇಲೆ ಸರಿದು ಸರಿದು ಮುಂದೆ ಬಂದರು. ಸೊಲ್ಲಾಪುರದ ಬೀದಿಯಲ್ಲಿ ಮಾಸ್ತರರ ಟ್ರಂಪೆಟ್ಟಿಗೆ ಜನ ಕಿವಿ ಮುಚ್ಚಿ ಹಿಂದೆ ಸರಿದದ್ದುಂಟು. ಹತ್ತಿರ ಬಂದದ್ದು ಇದೇ ಮೊದಲು.

ಕೊನೆಯ ನುಡಿಯಲ್ಲಿ ಒಂದು ಎತ್ತರದ ಸ್ವರ ಬೇಕಾಗಿತ್ತು. ಅದು ಆರನೆಯದು. ಕೈ ತಾನಾಗಿಯೇ ವಾದ್ಯವನ್ನು ತುಟಿಗೆ ಒತ್ತಲು ಹೋಯಿತು. ನಲವತ್ತು ವರ್ಷದ ರೂಢಿ. ಹಲ್ಲು ತುಸು ಕದಲಿತು. ಮಾಸ್ತರರು ಅಲ್ಲಿಗೇ ಕೈ ತಡೆದರು. ಒತ್ತಿದ್ದರೆ ಆ ಸ್ವರ ಬರುತ್ತಿತ್ತೋ ಏನೋ. ಅವರು ಒತ್ತಲಿಲ್ಲ. ಇದ್ದ ಐದರಲ್ಲೇ ಕೆಳಗಿನ ದಾರಿಯಿಂದ ಇಳಿದು, ಹಾಡನ್ನು ದೀಪದ ಮುಂದೆ ಇಟ್ಟಂತೆ ಇಟ್ಟು, ವಾದ್ಯ ತೆಗೆದರು. ಕಟ್ಟಿದ ಹಲ್ಲು ಜಾಗದಲ್ಲೇ ಇತ್ತು. ತುಟಿಯ ಮೇಲೆ ಹೊಸ ಗುರುತು ಇರಲಿಲ್ಲ.

ಉಮಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಯಾರೂ ನಗಲಿಲ್ಲ. ಹೊರಗ ಹಾಕೂ ಪ್ರಸಂಗ ಬರಲಿಲ್ಲ. ಕೂಡ್ರಿ ಊಟಕ್ಕ," ಎಂದು ಒಳಗೆ ಹೋದಳು. ಹೋಗುವಾಗ ಫೋಟೋದ ಹಾರ ಸರಿಯಾಗಿಯೇ ಇದ್ದರೂ ಸರಿಮಾಡಿದಳು.

ಹುಗ್ಗಿಯ ಊಟ ನಡೆಯಿತು. ಕಲ್ಲಣ್ಣ ಮಾಸ್ತರರ ಪಕ್ಕದ ಎಲೆಗೆ ಬಂದು ಕೂತ. ಪೆಟ್ಟಿಗೆ ತೆರೆದಿರಲಿಲ್ಲ. ತಲೆ ತಗ್ಗಿಸಿ ಉಂಡ. ರೊಟ್ಟಿಯನ್ನು ಒಂದು ಬದಿಯ ದವಡೆಯಿಂದಲೇ ಅಗಿಯುತ್ತಿದ್ದುದನ್ನು ಮಾಸ್ತರರು ಕಂಡರು. ಕೈ ತೊಳೆಯಲು ಎದ್ದಾಗ ಕಲ್ಲಣ್ಣ ತಂಬಿಗೆಯಿಂದ ಅವರ ಕೈಗೆ ನೀರು ಹಾಕುತ್ತ, ಯಾರಿಗೂ ಕೇಳದಂತೆ ಕೇಳಿದ:

"ನಿಮ್ಮ ಮನ್ಯಾಗಿನ ಆ ಕೊಂಡಿ, ಎರಡು ಟ್ರಂಪೆಟ್ಟಿನ ಭಾರ ತಡೀತದೇನ್ರಿ?"

"ಪಾಳಿ ಹಚ್ಚೂಣು," ಎಂದರು ಮಾಸ್ತರರು. "ಮುಂಜಾನಿ ನಂದು. ನೀ ಸಂಜಿಗಿ ಬಾ. ನಾ ಓದ್ತೀನಿ."